ಬಿಸಿಯೇರಿದ ಮೇಲೆ ಹಾಡುವ ಪೆಟ್ಟಿಗೆ

ಅರವತ್ತು ವರ್ಷ ಹಳೆಯ ಟ್ಯೂಬ್ ಗಿಟಾರ್ ಆಂಪ್ಲಿಫೈಯರ್‌ಗಳು ಇಂದಿಗೂ ವೇದಿಕೆಯ ಮೇಲಿವೆ. ಗಟ್ಟಿಮುಟ್ಟಾಗಿದ್ದುದರಿಂದ ಮಾತ್ರ ಅವು ಬಾಳಲಿಲ್ಲ. ಬಿಚ್ಚಿ ರಿಪೇರಿ ಮಾಡಲು ಬರುವಂತೆ ಕಟ್ಟಿದ್ದರಿಂದ ಬಾಳಿದವು.

ಫೆಂಡರ್ ಕಂಪನಿಯ 1960ರ ದಶಕದ ಗಿಟಾರ್ ಆಂಪ್ಲಿಫೈಯರ್ ಒಂದನ್ನು ಹಿಂದಿನಿಂದ ಬಗ್ಗಿ ನೋಡಿದರೆ ಮರದ ಪೆಟ್ಟಿಗೆಯ ಒಳಮೈಗೆ ಅಂಟಿಸಿದ ಚೀಟಿಯೊಂದು ಕಾಣುತ್ತದೆ. ಯಾವ ಸಾಕೆಟ್ಟಿನಲ್ಲಿ ಯಾವ ಟ್ಯೂಬ್ ಕೂರಬೇಕು ಎಂಬ ಪಟ್ಟಿ ಅದರಲ್ಲಿದೆ. ಸರ್ಕಿಟ್ಟಿನ ಸಂಖ್ಯೆ ಇದೆ. ಜತೆಗೆ ರಬ್ಬರ್ ಮೊಹರಿನಲ್ಲಿ ಒತ್ತಿದ ಎರಡು ಇಂಗ್ಲಿಷ್ ಅಕ್ಷರಗಳಿವೆ: ಮೊದಲನೆಯದು ವರ್ಷ, ಎರಡನೆಯದು ತಿಂಗಳು. ‘ಒ ಬಿ’ ಎಂದಿದ್ದರೆ ಅದು 1965ರ ಫೆಬ್ರವರಿಯ ಮಾಲು.

ಈ ಚೀಟಿ ಇರುವುದು ಆಂಪ್ ಕೊಂಡವನಿಗಾಗಿ, ಅವನೂರಿನ ರೇಡಿಯೊ ರಿಪೇರಿ ಅಂಗಡಿಯವನಿಗಾಗಿ. ಒಂದಲ್ಲ ಒಂದು ದಿನ ಇದು ಕೆಡುತ್ತದೆ, ಆಗ ಯಾರೋ ಬಿಚ್ಚುತ್ತಾರೆ, ಅವರಿಗೆ ಇದಿಷ್ಟು ಗೊತ್ತಿರಲಿ ಎಂದು ತಯಾರಕರೇ ಬರೆದಿಟ್ಟ ಮಾತು ಅದು. ಇವತ್ತು ನಾವು ಕೊಳ್ಳುವ ಬಹುತೇಕ ಎಲೆಕ್ಟ್ರಾನಿಕ್ ಸಾಮಾನುಗಳು ಒಳಗೆ ಕೈ ಹಾಕಬೇಡಿ ಎಂದು ಎಚ್ಚರಿಸುತ್ತವೆ. ಈ ಪೆಟ್ಟಿಗೆ ತನ್ನ ಒಳಗಿನ ಲೆಕ್ಕವನ್ನು ತಾನೇ ಒಪ್ಪಿಸುತ್ತದೆ.

ಹಳೆಯ ಆಂಪ್‌ಗಳಿಗೆ ಎರಡು ಬಗೆಯ ಜನರಿಂದ ಕೇಡು. ‘ಎಲ್ಲವೂ ಒರಿಜಿನಲ್ ಇರಬೇಕು’ ಎಂದು ಒಣಗಿದ ಕೆಪಾಸಿಟರನ್ನೂ ಮುಟ್ಟಗೊಡದ ಸಂಗ್ರಹಕಾರ ಒಬ್ಬ. ಸಣ್ಣ ದೋಷಕ್ಕೂ ಒಳಗಿನದನ್ನೆಲ್ಲ ಕಿತ್ತು ಹೊಸದು ತುಂಬುವ ರಿಪೇರಿಯವನು ಇನ್ನೊಬ್ಬ. ಆಂಪಿನ ಆರೈಕೆ ಎಂದರೆ ಯಾವುದು ಸವೆಯಲೆಂದೇ ಇರುವ ಭಾಗ, ಯಾವುದು ಬಾಳಲೆಂದು ಇರುವ ಭಾಗ ಎಂಬುದನ್ನು ಬೇರೆ ಮಾಡಿ ನೋಡುವುದು. 1963ರಿಂದ 1967ರವರೆಗೆ ಕಪ್ಪು ಮುಂಫಲಕದೊಂದಿಗೆ ಬಂದ ಫೆಂಡರ್ ಡಿಲಕ್ಸ್ ರಿವರ್ಬ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು 12 ಇಂಚಿನ ಸ್ಪೀಕರ್, ಸುಮಾರು 22 ವ್ಯಾಟ್ ಶಕ್ತಿ, ಒಬ್ಬರೇ ಎತ್ತಿ ಕಾರಿನ ಡಿಕ್ಕಿಗೆ ಇಡಬಹುದಾದ ಗಾತ್ರ. ಸ್ಟುಡಿಯೊಗಳಲ್ಲಿ ಅತಿ ಹೆಚ್ಚು ಬಳಕೆಯಾದ ಆಂಪ್‌ಗಳಲ್ಲಿ ಇದೂ ಒಂದು.

ರೇಡಿಯೊ ರಿಪೇರಿಯವರ ಕೈಕೆಲಸ

ಲಿಯೊ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ 1938ರಲ್ಲಿ ಅವರು ತೆರೆದದ್ದು ರೇಡಿಯೊ ರಿಪೇರಿ ಅಂಗಡಿ. ಊರ ಸಂಗೀತಗಾರರು ಕೆಟ್ಟ ಆಂಪ್‌ಗಳನ್ನು ಅಲ್ಲಿಗೇ ತರುತ್ತಿದ್ದರು. ಎಲ್ಲಿ ತಂತಿ ಕಡಿಯುತ್ತದೆ, ಯಾವ ಭಾಗ ಬೇಗ ಸುಡುತ್ತದೆ, ಯಾವ ಮೊಳೆ ಸಡಿಲವಾಗುತ್ತದೆ ಎಂಬುದನ್ನು ಅವರು ಕಲಿತದ್ದು ಆ ಮೇಜಿನ ಮೇಲೆ. 1946ರಲ್ಲಿ ಸ್ವಂತ ವಾದ್ಯ ಕಂಪನಿ ಶುರು ಮಾಡಿದಾಗ ಆ ಕಲಿಕೆ ವಿನ್ಯಾಸದೊಳಗೆ ಇಳಿಯಿತು: ಕೈಗೆ ಸಿಗುವಂತೆ ಹರಡಿಟ್ಟ ಬಿಡಿಭಾಗಗಳು, ನಾಲ್ಕಾರು ಸ್ಕ್ರೂ ಬಿಚ್ಚಿದರೆ ಹೊರಬರುವ ಚಾಸಿ ಎಂಬ ಲೋಹದ ಒಳಚೌಕಟ್ಟು, ಕಣ್ಣಲ್ಲೇ ಹಿಂಬಾಲಿಸಬಹುದಾದ ತಂತಿಗಳು.

ಸರ್ಕಿಟ್ಟುಗಳೂ ಆಕಾಶದಿಂದ ಬಿದ್ದವಲ್ಲ. ಎಟಿ ಆ್ಯಂಡ್ ಟಿ ಮತ್ತು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಗಳ ಪೇಟೆಂಟ್ ಪರವಾನಗಿಯಡಿ ತಯಾರಿಸಿದ್ದು ಎಂಬ ಸಾಲು ಆ ಚೀಟಿಯ ಮೇಲೇ ಇರುತ್ತಿತ್ತು. ಪಡೆದ ಸಾಲ ಮುಂದಕ್ಕೂ ಹರಿಯಿತು. ಫೆಂಡರ್ ಬಾಸ್‌ಮನ್ ಆಂಪಿನ 5ಎಫ್6-ಎ ಸರ್ಕಿಟ್ಟನ್ನು ಎದುರಿಗಿಟ್ಟುಕೊಂಡು ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಅವರ ಅಂಗಡಿಯ ಕೆನ್ ಬ್ರ್ಯಾನ್ ಮತ್ತು ಡಡ್ಲಿ ಕ್ರೇವನ್ 1962ರಲ್ಲಿ ಜೆಟಿಎಂ45 ಕಟ್ಟಿದರು. ರಾಕ್ ಸಂಗೀತದ ಅಬ್ಬರಕ್ಕೆ ಹೆಸರಾದ ಮಾರ್ಷಲ್ ಆಂಪ್‌ಗಳ ವಂಶ ಅಲ್ಲಿಂದ ಶುರು.

ಡಿಲಕ್ಸ್ ರಿವರ್ಬಿನ ಸರ್ಕಿಟ್ ಎಬಿ763. ಕೊನೆಯ ಮೂರು ಅಂಕಿ 1963ರ ಜುಲೈ ಎಂದು ಹೇಳುತ್ತವೆ. ಕಾರ್ಖಾನೆಯಲ್ಲಿ ತಂತಿ ಬೆಸೆಯುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ತಾವು ಬೆಸೆದ ಚಾಸಿಯೊಳಗೆ ಮಾಸ್ಕಿಂಗ್ ಟೇಪಿನ ಚೂರಿನ ಮೇಲೆ ಹೆಸರು ಬರೆದು ಅಂಟಿಸುತ್ತಿದ್ದರು. ಇವತ್ತು ಚಾಸಿ ಬಿಚ್ಚಿದಾಗ ಹಳದಿಗಟ್ಟಿದ ಆ ಚೂರು ಸಿಕ್ಕರೆ ಅದನ್ನು ತೆಗೆಯದೆ ಬಿಡುವುದು ಈ ಕಸುಬಿನ ಮರ್ಯಾದೆ. 1965ರ ಜನವರಿಯಲ್ಲಿ ಸಿಬಿಎಸ್ ಸಂಸ್ಥೆ 1.3 ಕೋಟಿ ಡಾಲರ್ ಕೊಟ್ಟು ಫೆಂಡರನ್ನು ಕೊಂಡಿತು. ಮರುವರ್ಷ ಟ್ರಾನ್ಸಿಸ್ಟರ್ ಆಂಪ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಪದೇ ಪದೇ ಕೆಡುತ್ತಿದ್ದ ಅವು ನೆಲಕಚ್ಚಿದವು. ಟ್ಯೂಬ್ ಆಂಪ್‌ಗಳ ಸಾಲು ಮುಂದುವರಿಯಿತು.

ಒಂಬತ್ತು ಗಾಜಿನ ನಳಿಕೆಗಳು

ಟ್ಯೂಬ್ ಎಂದರೆ ಹಳೆಯ ರೇಡಿಯೊಗಳಲ್ಲಿ ನಾವು ವಾಲ್ವ್ ಎಂದು ಕರೆಯುತ್ತಿದ್ದದ್ದೇ. ಗಾಳಿ ತೆಗೆದ ಗಾಜಿನ ನಳಿಕೆಯೊಳಗೆ ಒಂದು ಹೀಟರ್ ಕ್ಯಾಥೋಡನ್ನು ಕಾಯಿಸುತ್ತದೆ. ಕಾದ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಹೊರಬಿಡುತ್ತದೆ. ನೂರಾರು ವೋಲ್ಟಿನಲ್ಲಿರುವ ಪ್ಲೇಟ್ ಅವನ್ನು ತನ್ನತ್ತ ಸೆಳೆಯುತ್ತದೆ. ನಡುವೆ ತೆಳು ತಂತಿಯ ಗ್ರಿಡ್. ಕೆರೆಯ ತೂಬನ್ನು ಒಂದು ಗೇಣು ಎತ್ತಿದರೆ ಕಾಲುವೆ ತುಂಬ ನೀರು ನುಗ್ಗುವಂತೆ, ಗ್ರಿಡ್ಡಿನ ಮೇಲಿನ ವೋಲ್ಟೇಜು ಒಂದಿಷ್ಟು ಏರಿಳಿದರೂ ಪ್ಲೇಟಿನತ್ತ ಹರಿಯುವ ಕರೆಂಟು ದೊಡ್ಡದಾಗಿ ಏರಿಳಿಯುತ್ತದೆ. ಗಿಟಾರಿನ ಪಿಕಪ್ ಕೊಡುವ ವೋಲ್ಟಿನ ಚಿಕ್ಕ ಭಾಗ ಹೀಗೆ ಹಂತಹಂತವಾಗಿ ಹಿಗ್ಗಿ ಸ್ಪೀಕರನ್ನು ನಡುಗಿಸುವ ಶಕ್ತಿಯಾಗುತ್ತದೆ.

ಡಿಲಕ್ಸ್ ರಿವರ್ಬಿನಲ್ಲಿ ಇಂಥ ಟ್ಯೂಬುಗಳು ಒಂಬತ್ತು. ಆರು ಚಿಕ್ಕವು, 12ಎಎಕ್ಸ್7 ಮತ್ತು 12ಎಟಿ7 ಮನೆತನದವು. ಸದ್ದನ್ನು ಬೆಳೆಸುವುದು, ರಿವರ್ಬ್ ಮತ್ತು ಟ್ರೆಮೊಲೊ ನಡೆಸುವುದು ಇವುಗಳ ಕೆಲಸ. ಎರಡು 6ವಿ6 ಟ್ಯೂಬುಗಳು ಸ್ಪೀಕರಿಗೆ ಬೇಕಾದ ಶಕ್ತಿ ಕೊಡುತ್ತವೆ. ಒಂದು ಜಿಝಡ್34, ಟ್ರಾನ್ಸ್‌ಫಾರ್ಮರಿನಿಂದ ಬಂದ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ಟ್ಯೂಬುಗಳಿಗೆ ಬೇಕಾದದ್ದು ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟು. 8 ಓಮಿನ ಸ್ಪೀಕರಿಗೆ ಅದಕ್ಕೆ ತದ್ವಿರುದ್ಧ. ಇವೆರಡನ್ನೂ ಹೊಂದಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್.

ಪ್ರತಿಧ್ವನಿಯಂಥ ರಿವರ್ಬ್ ಹುಟ್ಟುವುದು ಪೆಟ್ಟಿಗೆಯ ತಳದಲ್ಲಿರುವ ಉದ್ದನೆಯ ತಗಡಿನ ಡಬ್ಬದೊಳಗೆ. ಅಲ್ಲಿ ನೇತುಬಿದ್ದ ಸ್ಪ್ರಿಂಗ್‌ಗಳ ಒಂದು ತುದಿಯಿಂದ ಸದ್ದು ಹೊಕ್ಕು, ಅಲೆಯಾಗಿ ಓಡಾಡಿ, ಇನ್ನೊಂದು ತುದಿಯಲ್ಲಿ ತಡವಾಗಿ ಹೊರಬರುತ್ತದೆ. ದೂರದ ಟೆಲಿಫೋನ್ ಕರೆಯಲ್ಲಿ ಆಗುವ ವಿಳಂಬವನ್ನು ಅನುಕರಿಸಲು ಬೆಲ್ ಲ್ಯಾಬ್ಸ್ ಮಾಡಿದ್ದ ಉಪಕರಣವನ್ನು ಲಾರೆನ್ಸ್ ಹ್ಯಾಮಂಡ್ ತಮ್ಮ ಆರ್ಗನ್‌ಗಳಿಗೆ ಒಗ್ಗಿಸಿದರು. ಅಲ್ಲಿಂದ ಅದು ಗಿಟಾರಿಗೆ ಬಂತು. ಟ್ರೆಮೊಲೊ ಇನ್ನೂ ಸರಳ: ಮಿನುಗುವ ಒಂದು ನಿಯಾನ್ ದೀಪ, ಅದರೆದುರು ಬೆಳಕಿಗೆ ತಕ್ಕಂತೆ ಪ್ರತಿರೋಧ ಬದಲಿಸುವ ಒಂದು ಬಿಡಿಭಾಗ. ದೀಪ ಮಿನುಗಿದ ಲಯಕ್ಕೆ ಸದ್ದು ಏರಿಳಿಯುತ್ತದೆ.

ಸದ್ದು ಒಡೆಯುವ ಸುಖ

ಎಂಜಿನಿಯರುಗಳ ಲೆಕ್ಕದಲ್ಲಿ ಆಂಪ್ಲಿಫೈಯರಿನ ಧರ್ಮ ಒಂದೇ: ಬಂದ ಸದ್ದನ್ನು ಬದಲಿಸದೆ ದೊಡ್ಡದು ಮಾಡುವುದು. ಗಿಟಾರಿಗರು ಬೆನ್ನು ಹತ್ತಿದ್ದು ಆ ಧರ್ಮ ತಪ್ಪುವ ಗಳಿಗೆಯನ್ನು. 1951ರಲ್ಲಿ ಐಕ್ ಟರ್ನರ್ ತಂಡ ಮಿಸಿಸಿಪಿಯಿಂದ ಮೆಂಫಿಸ್‌ಗೆ ರೆಕಾರ್ಡಿಂಗಿಗೆ ಹೊರಟಾಗ ದಾರಿಯಲ್ಲಿ ಗಿಟಾರ್ ಆಂಪಿಗೆ ಪೆಟ್ಟಾಯಿತು. ಸ್ಪೀಕರಿಗೆ ಕಾಗದ ತುರುಕಿ ಹಾಗೇ ನುಡಿಸಿದರು. ‘ರಾಕೆಟ್ 88’ ಹಾಡಿನ ಗೊರಗೊರ ಗಿಟಾರ್ ಸದ್ದು ಹಾಗೆ ಬಂತು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ತಮ್ಮ ಚಿಕ್ಕ ಆಂಪಿನ ಸ್ಪೀಕರನ್ನು ಸೀಳಿ ಅಂಥದೇ ಸದ್ದು ಹುಟ್ಟಿಸಿದರು.

ಸ್ಪೀಕರ್ ಹರಿಯದೆಯೂ ಅದು ಸಿಗುತ್ತದೆ, ಟ್ಯೂಬುಗಳನ್ನು ಅವುಗಳ ಮಿತಿಯವರೆಗೆ ಒಯ್ದರೆ. ಮಿತಿ ಮುಟ್ಟಿದಾಗ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಈ ಸರ್ಕಿಟ್ಟುಗಳಲ್ಲಿ ಅದು ಕತ್ತರಿಸಿದ ಹಾಗೆ ಆಗದೆ ಮೆಲ್ಲಗೆ ಬಾಗುತ್ತ ಆಗುತ್ತದೆ. ನುಡಿಸಿದ ಸ್ವರದ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಸ್ವರಗಳು ಅದರೊಂದಿಗೆ ಸೇರಿಕೊಳ್ಳುತ್ತವೆ, ಒಂದೇ ತಂತಿಯ ಸದ್ದು ದಪ್ಪವಾಗುತ್ತದೆ. ಜತೆಗೆ ಇನ್ನೊಂದು ಗುಣ: ಜೋರಾಗಿ ಬಾರಿಸಿದಾಗ 6ವಿ6ಗಳು ಒಮ್ಮೆಲೆ ಹೆಚ್ಚು ಕರೆಂಟು ಕೇಳುತ್ತವೆ. ರೆಕ್ಟಿಫೈಯರ್ ಟ್ಯೂಬ್ ಮತ್ತು ಟ್ರಾನ್ಸ್‌ಫಾರ್ಮರ್ ಅದನ್ನು ಪೂರೈಸಲಾರದೆ ವೋಲ್ಟೇಜು ಕ್ಷಣಕಾಲ ಕುಸಿಯುತ್ತದೆ, ಮತ್ತೆ ಏರುತ್ತದೆ. ಸ್ವರ ಹೊರಟೊಡನೆ ಕೊಂಚ ತಗ್ಗಿ ಆಮೇಲೆ ಅರಳುತ್ತದೆ. ಇದನ್ನು ಗಿಟಾರಿಗರು ‘ಸ್ಯಾಗ್’ ಎನ್ನುತ್ತಾರೆ. ಬೆರಳಿಗೆ ಆಂಪ್ ತಿರುಗಿ ಉತ್ತರ ಕೊಡುತ್ತದೆ ಎಂಬ ಅನುಭವಕ್ಕೆ ಕಾರಣ ಇದು. ವಿದ್ಯುತ್ ಪೂರೈಕೆಯ ಬಡತನವೇ ವಾದ್ಯದ ಗುಣವಾಯಿತು.

ಗುಂಡಿಗಳ ಲೆಕ್ಕ

ಡಿಲಕ್ಸ್ ರಿವರ್ಬಿನಲ್ಲಿ ಎರಡು ಚಾನೆಲ್‌ಗಳಿವೆ: ನಾರ್ಮಲ್ ಮತ್ತು ವೈಬ್ರಾಟೊ. ರಿವರ್ಬ್, ಟ್ರೆಮೊಲೊ ಎರಡೂ ವೈಬ್ರಾಟೊ ಚಾನೆಲ್ಲಿಗೆ ಮಾತ್ರ. ಪ್ರತಿ ಚಾನೆಲ್ಲಿಗೆ ಎರಡು ಜಾಕ್. ಎರಡನೆಯದರಲ್ಲಿ ಸಿಗ್ನಲ್ ಅರ್ಧಕ್ಕಿಳಿಯುತ್ತದೆ. ಪಿಕಪ್ ಜೋರಾಗಿದ್ದು ಸದ್ದು ಬೇಗ ಒಡೆಯುತ್ತಿದ್ದರೆ ಅದನ್ನು ಬಳಸಬಹುದು. ಮಧ್ಯಸ್ಥಾಯಿಗೆ ಗುಂಡಿಯಿಲ್ಲ, ಒಳಗೆ ಒಂದು ರೆಸಿಸ್ಟರ್ ಅದನ್ನು ನಿಗದಿ ಮಾಡಿದೆ. ಟ್ರೆಬಲ್, ಬಾಸ್ ಎರಡನ್ನೂ ಇಳಿಸಿದರೆ ಮಧ್ಯಸ್ಥಾಯಿ ತಾನಾಗಿ ಎದ್ದು ಕಾಣುತ್ತದೆ. ವೈಬ್ರಾಟೊ ಚಾನೆಲ್ಲಿನ ವಾಲ್ಯೂಮಿಗೆ ಅಡ್ಡಲಾಗಿ 47 ಪಿಕೊಫ್ಯಾರಡ್ ಕೆಪಾಸಿಟರೊಂದಿದೆ. ವಾಲ್ಯೂಮ್ ಕಡಿಮೆ ಇರುವಾಗ ಅದು ತಾರಸ್ಥಾಯಿಯನ್ನು ಪಕ್ಕದಿಂದ ದಾಟಿಸಿಬಿಡುತ್ತದೆ. ಮನೆಯಲ್ಲಿ ಮೆಲ್ಲಗೆ ನುಡಿಸುವಾಗ ಈ ಆಂಪ್ ಕಿವಿಗೆ ಚುಚ್ಚುವುದು, ವಾಲ್ಯೂಮ್ ಏರಿಸಿದಂತೆ ಮೆದುವಾಗುವುದು ಇದರಿಂದ.

ಎರಡು ಚಾನೆಲ್ಲನ್ನೂ ಚಿಕ್ಕ ತಂತಿಯಿಂದ ಸೇರಿಸಿ ನುಡಿಸುವ ರೂಢಿ ಮಾರ್ಷಲ್ ಬಳಸಿದವರಿಗೆ ಇದೆ. ಇಲ್ಲಿ ಅದು ಒಗ್ಗದು. ವೈಬ್ರಾಟೊ ಚಾನೆಲ್ಲಿನಲ್ಲಿ ಒಂದು ಹಂತ ಹೆಚ್ಚಿರುವುದರಿಂದ ಎರಡರ ಅಲೆಗಳು ಒಂದಕ್ಕೊಂದು ತಲೆಕೆಳಗಾಗಿರುತ್ತವೆ. ಸೇರಿಸಿದರೆ ಸದ್ದು ತೆಳುವಾಗುತ್ತದೆ.

ಚೆನ್ನಾಗಿ ನುಡಿಸುವವರ ಕೈ ಇರುವುದು ಗಿಟಾರಿನ ವಾಲ್ಯೂಮ್ ಗುಂಡಿಯ ಮೇಲೆ. ಆಂಪನ್ನು ಸದ್ದು ಒಡೆಯುವ ಅಂಚಿನವರೆಗೆ ಏರಿಸಿ ಬಿಟ್ಟು, ಗಿಟಾರಿನಲ್ಲಿ ಇಳಿಸಿದರೆ ತಿಳಿ ಸದ್ದು, ಏರಿಸಿದರೆ ಒರಟು ಸದ್ದು. 22 ವ್ಯಾಟ್ ಎಂದರೆ ಕಡಿಮೆಯಾಯಿತು ಎಂದುಕೊಳ್ಳಬೇಡಿ. ಫೆಂಡರಿನದೇ 85 ವ್ಯಾಟಿನ ಟ್ವಿನ್ ರಿವರ್ಬಿಗೂ ಇದಕ್ಕೂ ಇರುವ ಅಂತರ ಸುಮಾರು 6 ಡೆಸಿಬಲ್ ಮಾತ್ರ. ಕಿವಿಗೆ ದುಪ್ಪಟ್ಟು ಎನಿಸಲು ಸುಮಾರು 10 ಡೆಸಿಬಲ್ ಬೇಕು. ಅಪಾರ್ಟ್‌ಮೆಂಟಿನಲ್ಲಿ ಇದನ್ನು ಪೂರ್ತಿ ತೆರೆದರೆ ಪಕ್ಕದ ಮನೆಯವರು ಬಾಗಿಲು ಬಡಿಯುವುದು ಖಂಡಿತ.

ಆನ್ ಮಾಡುವಾಗ ಮೊದಲು ಪವರ್ ಸ್ವಿಚ್, ಅರ್ಧ ನಿಮಿಷ ಬಿಟ್ಟು ಸ್ಟ್ಯಾಂಡ್‌ಬೈ. ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ: ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪನ್ನು ನುಡಿಸಬಾರದು. ಸ್ಪೀಕರಿನ ಭಾರವಿಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ವಿಪರೀತ ಏರಿ ಸುರುಳಿಯ ನಿರೋಧಕ ಪದರವನ್ನೇ ಸೀಳುತ್ತದೆ. ಆಂಪಿನಲ್ಲಿ ಅತಿ ಬೆಲೆಯುಳ್ಳ ಭಾಗಗಳಲ್ಲಿ ಒಂದು ಹಾಗೆ ಒಂದು ಸಂಜೆಯಲ್ಲಿ ಹೋಗುತ್ತದೆ.

230 ವೋಲ್ಟಿನ ನಾಡಿನಲ್ಲಿ

ಅಮೆರಿಕಕ್ಕೆಂದು ತಯಾರಾದ ಆಂಪ್ ಬಯಸುವುದು 117 ವೋಲ್ಟ್, 60 ಹರ್ಟ್ಸ್. ನಮ್ಮ ಗೋಡೆಯಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸ್ ಬದಲಿಸದು. 60 ಹರ್ಟ್ಸಿಗೆಂದು ಸುತ್ತಿದ ಟ್ರಾನ್ಸ್‌ಫಾರ್ಮರ್ ಅದೇ ವೋಲ್ಟೇಜಿನಲ್ಲಿ 50 ಹರ್ಟ್ಸ್ ಕಂಡರೆ ಅದರ ಕಬ್ಬಿಣದ ಮೇಲೆ ಶೇ 20ರಷ್ಟು ಹೆಚ್ಚು ಕಾಂತೀಯ ಹೊರೆ ಬೀಳುತ್ತದೆ, ಬಿಸಿ ಏರುತ್ತದೆ. ಇಲ್ಲಿ ನಮ್ಮ ಅಂಗಡಿಗಳಲ್ಲಿ ಸಿಗುವ 110 ವೋಲ್ಟಿನ ಸ್ಟೆಪ್‌ಡೌನ್‌ಗಳೇ ಒಳಿತು. ಗೋಡೆಯ ವೋಲ್ಟೇಜು 250ಕ್ಕೆ ಏರಿದರೂ ಅವು ಕೊಡುವುದು 120ರ ಆಸುಪಾಸು. ಉಳಿದ ಹೊತ್ತು ಆಂಪ್ ತನ್ನ ಲೆಕ್ಕಕ್ಕಿಂತ ತುಸು ಕಡಿಮೆಯಲ್ಲಿ ತಣ್ಣಗೆ ನಡೆಯುತ್ತದೆ. 300 ವಿಎಗೆ ಕಡಿಮೆಯಿಲ್ಲದ್ದು ಇರಲಿ. ಗಂಟೆಯೊಂದು ನುಡಿಸಿದ ಮೇಲೆ ಆಂಪಿನ ಪವರ್ ಟ್ರಾನ್ಸ್‌ಫಾರ್ಮರಿನ ಬಳಿ ಸುಟ್ಟ ವಾರ್ನಿಷ್ ವಾಸನೆ ಬಂದರೆ ನಿಲ್ಲಿಸಿ ತೋರಿಸಬೇಕು.

ಅರ್ತಿಂಗ್ ಇನ್ನೂ ದೊಡ್ಡ ಮಾತು. ಆ ಕಾಲದ ಆಂಪ್‌ಗಳಿಗೆ ಎರಡೇ ಪಿನ್ನಿನ ಪ್ಲಗ್. ಗುಂಯ್‌ಗುಡುವಿಕೆ ತಗ್ಗಿಸಲು ಮೇನ್ಸಿನ ಒಂದು ತಂತಿಯಿಂದ ಚಾಸಿಗೆ ಒಂದು ಕೆಪಾಸಿಟರ್ ಹಾಕಿ, ಯಾವ ತಂತಿ ಎಂದು ಆರಿಸಲು ಹಿಂದೆ ಒಂದು ಸ್ವಿಚ್ ಇಟ್ಟಿದ್ದರು. ಆ ಕೆಪಾಸಿಟರ್ ಷಾರ್ಟ್ ಆದರೆ ಚಾಸಿಗೆ ಕರೆಂಟು ಬರುತ್ತದೆ, ಚಾಸಿಯಿಂದ ಕೇಬಲ್ ಮೂಲಕ ಗಿಟಾರಿನ ತಂತಿಗಳಿಗೆ, ತಂತಿಯಿಂದ ಬೆರಳಿಗೆ. ರಿಪೇರಿಯವರು ಅದನ್ನು ‘ಡೆತ್ ಕ್ಯಾಪ್’ ಎಂದು ಕರೆಯುವುದು ಸುಮ್ಮನೆ ಅಲ್ಲ. 1972ರಲ್ಲಿ ವೇಲ್ಸ್‌ನ ಸ್ವಾನ್‌ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರಿಗ ಲೆಸ್ ಹಾರ್ವಿ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ಷಾಕ್ ಹೊಡೆದು ಸತ್ತರು. ದೋಷ ಆಂಪಿನಲ್ಲಿರಲಿ, ಮೈಕಿನಲ್ಲಿರಲಿ, ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸುವವನು ಎರಡು ಉಪಕರಣಗಳ ನಡುವೆ ತಂತಿಯಾಗುತ್ತಾನೆ.

ಹಾಗಾಗಿ ಹಳೆಯ ಆಂಪ್ ಕೈಗೆ ಬಂದ ಕೂಡಲೇ ಮೊದಲ ಕೆಲಸ ಆ ಕೆಪಾಸಿಟರನ್ನು ಕಿತ್ತು, ಮೂರು ಎಳೆಯ ಕೇಬಲ್ ಹಾಕಿ, ಅರ್ತನ್ನು ಚಾಸಿಗೆ ಭದ್ರವಾಗಿ ಬಿಗಿಯುವುದು. ಎಷ್ಟೋ ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಅರ್ತ್ ದಾಟುವುದೇ ಇಲ್ಲ. ಮಲ್ಟಿಮೀಟರಿನಿಂದ ಗೋಡೆಯ ಪ್ಲಗ್ಗಿನ ಅರ್ತ್ ಪಿನ್ನಿಗೂ ಆಂಪಿನ ಚಾಸಿಗೂ ಸಂಪರ್ಕ ಇದೆಯೇ ಎಂದು ನೋಡಿಕೊಂಡೇ ನುಡಿಸಬೇಕು. ಇದರಲ್ಲಿ ‘ಒರಿಜಿನಲ್’ ಎಂಬ ಮಾತಿಗೆ ಜಾಗವಿಲ್ಲ. ಫ್ಯೂಸ್ ಹಾರಿದಾಗ ತಂತಿ ಸುತ್ತಿ ಕೂರಿಸುವ ನಮ್ಮ ರೂಢಿಗೂ ಇಲ್ಲ.

ಸವೆಯಲೆಂದೇ ಇರುವುದು

ಆಂಪಿನೊಳಗೆ ಮೊದಲು ಸಾಯುವುದು ಫಿಲ್ಟರ್ ಕೆಪಾಸಿಟರ್‌ಗಳು. ರೆಕ್ಟಿಫೈಯರ್ ಕೊಟ್ಟ ಏರಿಳಿವಿನ ಡಿಸಿಯನ್ನು ಸಮ ಮಾಡುವ ಇವುಗಳೊಳಗೆ ದ್ರವವಿದೆ, ವರ್ಷಗಳು ಕಳೆದಂತೆ ಅದು ಒಣಗುತ್ತದೆ. ಡಿಲಕ್ಸ್ ರಿವರ್ಬಿನಲ್ಲಿ ಇವು ಚಾಸಿಯ ಮೇಲಿನ ತಗಡಿನ ಮುಚ್ಚಳದಡಿ ಸಾಲಾಗಿ ಕುಳಿತಿವೆ. 1965ರ ಕೆಪಾಸಿಟರನ್ನು ಇನ್ನೂ ಇಟ್ಟುಕೊಳ್ಳುವುದು ಭಕ್ತಿಯಲ್ಲ. ಅದು ಷಾರ್ಟ್ ಆದರೆ ರೆಕ್ಟಿಫೈಯರ್ ಟ್ಯೂಬನ್ನೂ ಪವರ್ ಟ್ರಾನ್ಸ್‌ಫಾರ್ಮರನ್ನೂ ಜತೆಗೆ ಕರೆದೊಯ್ಯುತ್ತದೆ.

ಕೆಪಾಸಿಟರ್ ಸೋತಿದೆಯೇ ಎಂಬುದನ್ನು ಕಿವಿಯೇ ಹೇಳುತ್ತದೆ. ನಮ್ಮ 50 ಹರ್ಟ್ಸಿನ ವಿದ್ಯುತ್ತಿನಲ್ಲಿ ಫಿಲ್ಟರ್ ದೋಷದ ಗುಂಯ್‌ಕಾರ 100 ಹರ್ಟ್ಸಿನಲ್ಲಿ ಬರುತ್ತದೆ. ಹೀಟರ್ ತಂತಿಯಿಂದ ಅಥವಾ ಅರ್ತ್ ದೋಷದಿಂದ ಬರುವುದು ಹೆಚ್ಚಾಗಿ 50 ಹರ್ಟ್ಸಿನಲ್ಲಿ. ಗಿಟಾರಿನ ಆರನೆಯ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿದರೆ 98 ಹರ್ಟ್ಸ್. ಗುಂಯ್‌ಕಾರ ಅದರ ಹತ್ತಿರಕ್ಕೆ ಕೂಡಿದರೆ ಅನುಮಾನ ಫಿಲ್ಟರಿನ ಮೇಲೆ. ಒಂದು ಸ್ಥಾಯಿ ಕೆಳಗಿದ್ದರೆ ಬೇರೆಡೆ ಹುಡುಕಬೇಕು. ವಾಲ್ಯೂಮ್ ಸೊನ್ನೆಗೆ ತಂದರೂ ಅದು ಉಳಿದರೆ ದೋಷ ಕೊನೆಯ ಹಂತಗಳಲ್ಲಿ. ವಾಲ್ಯೂಮಿನೊಂದಿಗೆ ಏರಿಳಿದರೆ ಮೊದಲ ಟ್ಯೂಬುಗಳ ಬಳಿ.

ಎರಡನೆಯದಾಗಿ ಸವೆಯುವುದು ಟ್ಯೂಬುಗಳು. ಚಿಕ್ಕವು ವರ್ಷಾನುಗಟ್ಟಲೆ ಬಾಳುತ್ತವೆ. ಅವುಗಳ ಕಾಯಿಲೆ ಹೆಚ್ಚಾಗಿ ‘ಮೈಕ್ರೊಫೋನಿಕ್’ ಆಗುವುದು, ಅಂದರೆ ಒಳಗಿನ ಭಾಗ ಸಡಿಲವಾಗಿ ತಟ್ಟಿದರೆ ಸ್ಪೀಕರಿನಲ್ಲಿ ಠಣ್ ಎನ್ನುವುದು. ಪೆನ್ಸಿಲ್ಲಿನ ಹಿಂಬದಿಯಿಂದ ಒಂದೊಂದನ್ನೇ ಮೆಲ್ಲಗೆ ತಟ್ಟಿ ತಪ್ಪಿತಸ್ಥನನ್ನು ಹಿಡಿಯಬಹುದು. ಟ್ಯೂಬಿನ ಗಾಜಿನ ಒಳಗೆ ಬೆಳ್ಳಿಯಂತೆ ಹೊಳೆಯುವ ಕಲೆ ಉಳಿದ ಗಾಳಿಯನ್ನು ಹೀರಲು ಬಳಿದ ಬೇರಿಯಂ. ಅದು ಹಾಲುಬಿಳುಪಾಗಿದ್ದರೆ ಗಾಳಿ ಹೊಕ್ಕಿದೆ, ಟ್ಯೂಬ್ ಮುಗಿಯಿತು.

6ವಿ6 ಜೋಡಿ ಬದಲಿಸಿದಾಗ ಬಯಾಸ್ ನೋಡಲೇಬೇಕು. ಗಿಟಾರ್ ನುಡಿಸದೆ ಸುಮ್ಮನಿದ್ದಾಗ ಟ್ಯೂಬಿನಲ್ಲಿ ಎಷ್ಟು ಕರೆಂಟು ಹರಿಯಬೇಕು ಎಂಬ ನಿಗದಿಯೇ ಬಯಾಸ್. ಲೆಕ್ಕ ಸರಳ. ಪ್ಲೇಟಿನ ವೋಲ್ಟೇಜು 415, ಟ್ಯೂಬೊಂದರ ಕರೆಂಟು 20 ಮಿಲಿಆಂಪಿಯರ್ ಇದ್ದರೆ ಅದು ಉರಿಸುತ್ತಿರುವುದು 8.3 ವ್ಯಾಟ್. 6ವಿ6ನ ಮಿತಿ 12 ವ್ಯಾಟ್. ಅದರ ಶೇ 70 ಅಂದರೆ 8.4. ಇದರ ಆಸುಪಾಸಿನಲ್ಲಿ ನಿಲ್ಲಿಸುವುದು ರೂಢಿ. ಕಡಿಮೆಯಾದರೆ ಸದ್ದು ಒಣಗಿ ಚರಚರ ಎನ್ನುತ್ತದೆ. ಹೆಚ್ಚಾದರೆ ಕಪ್ಪು ಪ್ಲೇಟ್ ಕೆಂಡದಂತೆ ಕೆಂಪಾಗುತ್ತದೆ. ಕೆಂಪು ಕಂಡರೆ ಆ ಕ್ಷಣ ಆಫ್ ಮಾಡಬೇಕು.

ಈ 415 ವೋಲ್ಟ್ ಎಂಬ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು, ಪ್ರಾಣ ತೆಗೆಯಬಲ್ಲಷ್ಟು. ಬಲ್ಲವರು ದೊಡ್ಡ ವ್ಯಾಟಿನ ರೆಸಿಸ್ಟರ್ ಹಿಡಿದು ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕೈ ಹಾಕುತ್ತಾರೆ. ಚಾಲೂ ಇರುವಾಗ ಅಳೆಯಬೇಕಾದರೆ ಒಂದು ಕೈಯನ್ನು ಜೇಬಿನಲ್ಲಿಡುತ್ತಾರೆ. ಟ್ಯೂಬ್ ಬದಲಿಸುವುದು, ಸಾಕೆಟ್ ಮತ್ತು ಜಾಕ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯುವುದು, ಸ್ಪೀಕರ್ ತಂತಿ ನೋಡುವುದು: ಇಷ್ಟು ಮಾಲೀಕನ ಪಾಲು. ಚಾಸಿ ಹೊರತೆಗೆಯುವ ಕೆಲಸ ಅದನ್ನು ಕಲಿತವರ ಪಾಲು.

ವರ್ಷಗಟ್ಟಲೆ ಅಟ್ಟದ ಮೇಲಿದ್ದ ಆಂಪನ್ನು ನೇರ ಪ್ಲಗ್ಗಿಗೆ ಹಾಕಬಾರದು. ಇದಕ್ಕೆ ನಮ್ಮ ರಿಪೇರಿ ಅಂಗಡಿಗಳ ಸೀರೀಸ್ ಲ್ಯಾಂಪ್ ಸಾಕು. ಆಂಪಿನ ಜತೆ ಸರಣಿಯಲ್ಲಿ ಹಳೆಯ ತಂತಿಬಲ್ಬು ಹಾಕಿದರೆ, ಒಳಗೆ ಷಾರ್ಟ್ ಇದ್ದಾಗ ಬಲ್ಬು ಪೂರ್ತಿ ಉರಿದು ಆಂಪನ್ನು ಕಾಯುತ್ತದೆ. ಹೊತ್ತಿ ಮಂಕಾದರೆ ಮುಂದುವರಿಯಬಹುದು.

ಬಾಳಲೆಂದು ಇರುವುದು

ಟ್ರಾನ್ಸ್‌ಫಾರ್ಮರ್‌ಗಳು, ಕೆಟ್ಟಿರದ ರೆಸಿಸ್ಟರ್‌ಗಳು, ಸೋರದ ಕಪ್ಲಿಂಗ್ ಕೆಪಾಸಿಟರ್‌ಗಳು, ಮೊದಲಿನ ಸ್ಪೀಕರ್: ಇವನ್ನು ವಿನಾಕಾರಣ ಮುಟ್ಟಬಾರದು. ಕಪ್ಲಿಂಗ್ ಕೆಪಾಸಿಟರ್‌ಗಳಲ್ಲಿ ದ್ರವವಿಲ್ಲ, ಒಣಗುವ ಮಾತಿಲ್ಲ. ಒಂದು ಬದಿಯ ಡಿಸಿ ಇನ್ನೊಂದು ಬದಿಗೆ ಸೋರುತ್ತಿದೆಯೇ ಎಂದು ಅಳೆದು, ಸೋರಿದ ಒಂದನ್ನು ಮಾತ್ರ ಬದಲಿಸಿದರೆ ಆಯಿತು. ಸ್ಪೀಕರಿನ ಕಾಗದದ ಕೋನು ಸಣ್ಣಗೆ ಹರಿದಿದ್ದರೆ ತೆಳು ಕಾಗದ ಮತ್ತು ಅಂಟಿನಿಂದ ತೇಪೆ ಹಾಕಬಹುದು.

ಇವುಗಳ ಮೇಲಿನ ಅಂಕಿಗಳು ಆಂಪಿನ ಜಾತಕವೂ ಹೌದು. ಟ್ರಾನ್ಸ್‌ಫಾರ್ಮರಿನ ಮೇಲೆ 606523 ಎಂದಿದ್ದರೆ 606 ಎಂಬುದು ಷೂಮಾಕರ್ ಕಂಪನಿಯ ಗುರುತು, ಮುಂದಿನ 5 ವರ್ಷದ ಕೊನೆಯ ಅಂಕಿ, 23 ವಾರ. ಸ್ಪೀಕರಿನ ಅಂಕಿ 220ರಿಂದ ಶುರುವಾದರೆ ಜೆನ್‌ಸನ್, 465 ಆದರೆ ಆಕ್ಸ್‌ಫರ್ಡ್. ಎಲ್ಲ ಅಂಕಿಗಳು ಒಂದೇ ಕಾಲಕ್ಕೆ ಹೊಂದಿಕೊಂಡರೆ ಆಂಪ್ ಹುಟ್ಟಿದಂತೆಯೇ ಇದೆ ಎಂದರ್ಥ. ಸವೆದ ಭಾಗ ಬದಲಿಸಿದಾಗ ಕಿತ್ತದ್ದನ್ನು ಎಸೆಯದೆ ಚೀಲದಲ್ಲಿ ಹಾಕಿ ಪೆಟ್ಟಿಗೆಯೊಳಗೇ ಇಟ್ಟರೆ ಸಂಗ್ರಹಕಾರನಿಗೂ ಸಮಾಧಾನ, ನುಡಿಸುವವನಿಗೂ ಸಮಾಧಾನ.

ಮಂಗಳೂರು, ಉಡುಪಿ, ಮಲೆನಾಡಿನವರಿಗೆ ಒಂದು ಮಾತು ಹೆಚ್ಚು. ಫೆಂಡರಿನ ಬಿಡಿಭಾಗಗಳು ಕೂತಿರುವುದು ಮೇಣ ಕುಡಿಸಿದ ಕಪ್ಪು ಫೈಬರ್ ಹಲಗೆಯ ಮೇಲೆ. ಆ ಹಲಗೆ ತೇವ ಹೀರಿದರೆ ಅದರ ಮೈಮೇಲೇ ಕರೆಂಟು ಸಣ್ಣಗೆ ಹರಿಯತೊಡಗುತ್ತದೆ. ಗುಂಡಿ ತಿರುಗಿಸದಿದ್ದರೂ ಪಟಪಟ, ಕರಕರ. ಎಲ್ಲ ಬಿಡಿಭಾಗ ಬದಲಿಸಿದರೂ ಹೋಗದ ಈ ಕಾಟಕ್ಕೆ ಮದ್ದು ಒಣಗಿಸುವುದು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಒಂದೆರಡು ಗಂಟೆ ನುಡಿಸಿದರೆ ಟ್ಯೂಬುಗಳ ಶಾಖವೇ ಆ ಕೆಲಸ ಮಾಡುತ್ತದೆ. ಮುಚ್ಚಿಟ್ಟು ಕಾಪಾಡಿದ ಆಂಪಿಗಿಂತ ದಿನಬಳಕೆಯ ಆಂಪ್ ಆರೋಗ್ಯವಾಗಿರುವುದು ಕರಾವಳಿಯಲ್ಲಿ ಇನ್ನಷ್ಟು ಸತ್ಯ.

ಟ್ಯೂಬ್ ಎಲ್ಲಿಂದ ಬರುತ್ತದೆ?

ಒಂದು ಕಾಲಕ್ಕೆ ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರಿಸೀವಿಂಗ್ ವಾಲ್ವ್‌ಗಳ ತಯಾರಿಕೆಗೆ ಇಳಿಯಿತು. ದೇಶದ ರೇಡಿಯೊಗಳಿಗೆಂದು ಬಂದ ಬಿಇಎಲ್ ಮುದ್ರೆಯ ವಾಲ್ವ್‌ಗಳಲ್ಲಿ ಇಎಲ್84 ಕೂಡ ಇತ್ತು. ಇಂಗ್ಲೆಂಡಿನ ವೋಕ್ಸ್ ಎಸಿ30 ಗಿಟಾರ್ ಆಂಪಿನಲ್ಲಿ ಇರುವುದು ಅದೇ ಟ್ಯೂಬ್. ಹೊರದೇಶದ ಗಿಟಾರಿಗರು ಇಂದು ಜಾಲಹಳ್ಳಿಯ ಹಳೆಯ ದಾಸ್ತಾನನ್ನು ಹುಡುಕಿ ಕೊಳ್ಳುತ್ತಾರೆ.

ಟ್ರಾನ್ಸಿಸ್ಟರ್ ಬಂದ ಮೇಲೆ ಅಮೆರಿಕ, ಬ್ರಿಟನ್ನುಗಳ ದೊಡ್ಡ ಟ್ಯೂಬ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಈಗ ಗಿಟಾರ್ ಆಂಪ್‌ಗಳಿಗೆ ಆಸರೆಯಾಗಿ ಉಳಿದಿರುವುದು ಸ್ಲೊವಾಕಿಯಾದ ಚಾಡ್ಟ್ಸಾ ಊರಿನ ಜೆಜೆ, ರಷ್ಯಾದ ಸರಾಟೊವ್‌ನ ಕಾರ್ಖಾನೆ, ಚೀನಾದ ಕೆಲವು ತಯಾರಕರು. 2022ರ ಮಾರ್ಚಿನಲ್ಲಿ ಉಕ್ರೇನ್ ಯುದ್ಧದ ಬಿಸಿಯಲ್ಲಿ ರಷ್ಯಾ ಟ್ಯೂಬ್ ರಫ್ತಿಗೆ ತಡೆ ಹಾಕಿದಾಗ ಜಗತ್ತಿನಾದ್ಯಂತ ಬೆಲೆ ಏರಿತು. ಆಮೇಲೆ ಸಾಗಣೆ ಮತ್ತೆ ಶುರುವಾಯಿತು. ಗಾಬರಿಯಲ್ಲಿ ಡಜನ್‌ಗಟ್ಟಲೆ ಕೊಂಡಿಡಬೇಕಿಲ್ಲ. ಒಂದು ಜೋಡಿ 6ವಿ6, ಎರಡು ಚಿಕ್ಕ ಟ್ಯೂಬ್, ಒಂದು ರೆಕ್ಟಿಫೈಯರ್ ಜತೆಗಿದ್ದರೆ ಸಾಮಾನ್ಯ ಕಾಯಿಲೆಗಳಿಗೆಲ್ಲ ಸಾಕು.

ಇದಕ್ಕೆಲ್ಲ ಬದಲಿ ಇಲ್ಲವೇ? ಇದೆ. 2019ರಲ್ಲಿ ಫೆಂಡರ್ ಕಂಪನಿಯೇ ಟೋನ್ ಮಾಸ್ಟರ್ ಡಿಲಕ್ಸ್ ರಿವರ್ಬ್ ಎಂಬ ಡಿಜಿಟಲ್ ಆಂಪ್ ತಂದಿತು. ನೋಡಲು ಹಳೆಯದರ ಹಾಗೇ ಇದೆ. ಟ್ಯೂಬಿಲ್ಲ, ತೂಕ ಅರ್ಧದ ಹತ್ತಿರ, ಸದ್ದು ಬಹುಮಟ್ಟಿಗೆ ಅದೇ. ವಾರಕ್ಕೆ ಮೂರು ಕಾರ್ಯಕ್ರಮ ಕೊಡುವ, ಮೆಟ್ಟಿಲು ಹತ್ತಿಳಿಯುವ ಗಿಟಾರಿಗನಿಗೆ ಅದೇ ಜಾಣತನ. ಆದರೆ ಅದರೊಳಗಿನ ಚಿಪ್ ನಲವತ್ತು ವರ್ಷದ ನಂತರ ಕೆಟ್ಟರೆ ಅದಕ್ಕೊಂದು ಚೀಟಿ ಇರುವುದಿಲ್ಲ. ಎಬಿ763ರ ಸರ್ಕಿಟ್ ನಕ್ಷೆ ಯಾರಿಗೆ ಬೇಕಾದರೂ ಸಿಗುತ್ತದೆ. ಅದರ ರೆಸಿಸ್ಟರ್, ಕೆಪಾಸಿಟರುಗಳಿಗೆ ಬದಲಿಯಾಗುವಂಥವು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಮಾರುಕಟ್ಟೆಯಲ್ಲಿ ಇಂದಿಗೂ ಸಿಗುವ ಸಾಮಾನ್ಯ ಸಾಮಾನುಗಳೇ. ಕೊರತೆ ಇರುವುದು ಕೈಗಳಿಗೆ. ವಾಲ್ವ್ ರೇಡಿಯೊ ಕಂಡಿದ್ದ ತಲೆಮಾರಿನ ರಿಪೇರಿಯವರು ಅಂಗಡಿ ಮುಚ್ಚುತ್ತಿದ್ದಾರೆ; ಅವರ ಬಳಿ ಕೂತು ಕಲಿಯಲು ಉಳಿದಿರುವ ಕಾಲ ಹೆಚ್ಚಿಲ್ಲ.

ಈ ನಡುವೆ ಆಂಪ್ ಇರುವ ಪ್ರತಿಯೊಬ್ಬರೂ ಮಾಡಬಹುದಾದ ಕೆಲಸ ಒಂದಿದೆ. ಒಂದು ಸಣ್ಣ ನೋಟ್‌ಬುಕ್ ಇಡಿ. ಫಿಲ್ಟರ್ ಕೆಪಾಸಿಟರ್ ಬದಲಿಸಿದ ತಾರೀಖು, ಹಾಕಿದ ಟ್ಯೂಬ್ ಯಾವುದು, ಅಂದು ಗೋಡೆಯ ವೋಲ್ಟೇಜು ಎಷ್ಟಿತ್ತು, ಪ್ಲೇಟಿನಲ್ಲಿ ಎಷ್ಟು, ಬಯಾಸ್ ಎಷ್ಟು ಮಿಲಿಆಂಪಿಯರಿಗೆ ನಿಲ್ಲಿಸಿದಿರಿ ಎಂದು ಬರೆಯಿರಿ. ಮುಂದಿನ ಸಲ ಗುಂಯ್‌ಗುಟ್ಟಿದಾಗ ರಿಪೇರಿಯವರು ಮೊದಲು ಕೇಳುವುದು ಇದನ್ನೇ. ಸರಿಯಾಗಿ ನೋಡಿಕೊಂಡ ಆಂಪ್ ಮಾಲೀಕನಿಗಿಂತ ಹೆಚ್ಚು ಕಾಲ ಬಾಳುತ್ತದೆ. ನಿಮ್ಮ ನಂತರ ಅದನ್ನು ಬಿಚ್ಚುವವರಿಗೆ ಆ ಲೆಕ್ಕ ನಿಮಗಿಂತ ಹೆಚ್ಚು ಬೇಕಾಗುತ್ತದೆ.